ಪದ ಬೇಕು: ‘ಫಾಸ್ಟ್’ ದೂರದರ್ಶಕಕ್ಕೆ ನ್ಯಾರೋಬ್ಯಾಂಡ್ ಫಿಲ್ಟರ್

ಗೆಳೆಯರೇ,
ಬೆಂಗಳೂರಿನ ದೀಪಗಳ ನಡುವೆ ನೀಹಾರಿಕೆಗಳ ಫೋಟೊ ತೆಗೆಯುವ ಹವ್ಯಾಸಿಗಳಿಗಾಗಿ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ನ್ಯಾರೋಬ್ಯಾಂಡ್ ಫಿಲ್ಟರ್ ಎಂದರೆ ತರಂಗಾಂತರಗಳ ಕಿರಿದಾದ ಪಟ್ಟಿಯೊಂದನ್ನಷ್ಟೇ ಹಾಯಗೊಡುವ ಗಾಜು. ಸಿಕ್ಕಿಕೊಂಡ ಭಾಗದ ಸಾರ: ಎಫ್ ಸಂಖ್ಯೆ 2 ಇರುವ (ಎಫ್/2) ‘ಫಾಸ್ಟ್’ ದೂರದರ್ಶಕದಲ್ಲಿ ಅಂಚಿನ ಕಿರಣಗಳು ಸುಮಾರು 14 ಡಿಗ್ರಿ ಓರೆಯಾಗಿ ಫಿಲ್ಟರಿನ ಮೇಲೆ ಬೀಳುತ್ತವೆ. ಓರೆ ಹೆಚ್ಚಿದಷ್ಟೂ ಅದು ಹಾಯಗೊಡುವ ಪಟ್ಟಿ ಗಿಡ್ಡ ತರಂಗಾಂತರದ ಕಡೆ ಜರುಗುತ್ತದೆ. 3 ನ್ಯಾನೊಮೀಟರ್ ಅಗಲದ ಮಾಮೂಲಿ ಫಿಲ್ಟರ್ ಹಾಕಿದರೆ ನೀಹಾರಿಕೆಯ ಹೈಡ್ರೋಜನ್ ಸೂಸುವ 656.3 ನ್ಯಾನೊಮೀಟರಿನ ಕೆಂಪು ಬೆಳಕು (ಹೈಡ್ರೋಜನ್-ಆಲ್ಫಾ) ಬಹುಪಾಲು ಹೊರಗೇ ಉಳಿಯುತ್ತದೆ. ಪಟ್ಟಿಯನ್ನು ಮೊದಲೇ ಕೆಂಪಿನತ್ತ ಸರಿಸಿ ತಯಾರಿಸಿದ ಫಿಲ್ಟರನ್ನೇ ಕೊಳ್ಳಬೇಕು.
ನ್ಯಾರೋಬ್ಯಾಂಡ್ ಫಿಲ್ಟರಿಗೆ ‘ಕಿರುಪಟ್ಟಿ ಶೋಧಕ’, ಫಾಸ್ಟ್ ದೂರದರ್ಶಕಕ್ಕೆ ‘ವೇಗದ ದೂರದರ್ಶಕ’, ಪಟ್ಟಿ ಹೀಗೆ ಜರುಗುವುದಕ್ಕೆ ‘ನೀಲಿಪಲ್ಲಟ’ ಎಂದಿಟ್ಟಿದ್ದೇನೆ. ಆದೀತೇ?

ಮೈಸೂರಿನಿಂದ:
ಶೋಧಕ ಬೇಡ. ಶೋಧ ಎಂದರೆ ಇವತ್ತು ಹುಡುಕಾಟ. ‘ಸೋಸುಕ’ ಅನ್ನಿ, ಅಚ್ಚಗನ್ನಡ. ತರಂಗಾಂತರವಾದರೂ ಯಾಕೆ, ‘ಅಲೆಯುದ್ದ’ ಇದೆಯಲ್ಲ?

ಧಾರವಾಡದಿಂದ:
ಒಪ್ಪಲಾರೆ. ಕಷಾಯವನ್ನು ಬಟ್ಟೆಯಲ್ಲಿ ಶೋಧಿಸುತ್ತೇವೆ, ಅದು ಅಡುಗೆಮನೆಯ ಮಾತು. ಸೋಸುಕ ಯಾರ ಬಾಯಲ್ಲೂ ಇಲ್ಲ. ಸಂಸ್ಕೃತದ ಮೇಲೆ ಅಷ್ಟು ಸಿಟ್ಟಿದ್ದರೆ ‘ಪಟ್ಟಿ’ಯನ್ನೂ ಬಿಡಬೇಕಾಗುತ್ತದೆ, ಅದು ‘ಪಟ್ಟಿಕಾ’ದ ತದ್ಭವ.

ಮೈಸೂರಿನಿಂದ:
ತದ್ಭವ ನಮ್ಮ ನಾಲಿಗೆಗೆ ಒಗ್ಗಿದ್ದು. ತತ್ಸಮದ ಮಾತು ಬೇರೆ.

ಬೆಂಗಳೂರಿನಿಂದ:
ಇಬ್ಬರೂ ದೊಡ್ಡ ತಪ್ಪನ್ನು ಹಾಗೇ ಬಿಟ್ಟಿರಿ. ‘ವೇಗದ ದೂರದರ್ಶಕ’ ಖಂಡಿತ ಕೂಡದು. ಹೊಸಬರು ಅದನ್ನು ಮೋಟಾರಿನ ವೇಗ ಎಂದುಕೊಳ್ಳುತ್ತಾರೆ. ದೂರದರ್ಶಕದ ಸಂಗಮದೂರವನ್ನು ಬೆಳಕು ಒಳಬರುವ ದ್ವಾರದ ವ್ಯಾಸದಿಂದ ಭಾಗಿಸಿದರೆ ಬರುವುದು ಎಫ್ ಸಂಖ್ಯೆ. ಅದು ಇಳಿದಷ್ಟೂ ಎಕ್ಸ್‌ಪೋಶರ್ ಕಡಿಮೆ ಸಾಕು, ಕಿರಣಗಳ ಶಂಕು ಮಾತ್ರ ಅಗಲವಾಗುತ್ತದೆ. ನಿಮ್ಮ ಓರೆಯ ತೊಂದರೆ ಹುಟ್ಟುವುದೇ ಅಲ್ಲಿ. ‘ಕಡಿಮೆ ಎಫ್ ಸಂಖ್ಯೆಯ ದೂರದರ್ಶಕ’ ಎನ್ನಿ. ಫಿಲ್ಟರ್ ಆರಿಸುವವರು ಹೊಂದಿಸಿ ನೋಡಬೇಕಾದ್ದೂ ಆ ಸಂಖ್ಯೆಯನ್ನೇ.
ನೀಲಿಪಲ್ಲಟವೂ ಬೇಡ. ಕೆಂಪುಪಲ್ಲಟ, ನೀಲಿಪಲ್ಲಟ ಎಂದರೆ ಓದುಗರ ಮನಸ್ಸು ಗೆಲಾಕ್ಸಿಗಳ ಚಲನೆಯ ಕಡೆ ಹೋಗುತ್ತದೆ. ಇಲ್ಲಿ ಯಾವುದೂ ಚಲಿಸುತ್ತಿಲ್ಲ, ಗಾಜಿನ ಮೇಲಿನ ತೆಳು ಪದರಗಳಲ್ಲಿ ಬೆಳಕಿನ ಅಲೆಗಳು ಒಂದನ್ನೊಂದು ಬಲಪಡಿಸುವ, ಅಳಿಸುವ ವ್ಯತಿಕರಣ ಇದು. ‘ಪಟ್ಟಿ ನೀಲಿಯ ಕಡೆ ಜರುಗುತ್ತದೆ’ ಎಂದರೆ ಸಾಕು.
ಫಿಲ್ಟರ್ ಫಿಲ್ಟರಾಗಿಯೇ ಇರಲಿ. ಅಂಗಡಿಯಲ್ಲಿ ಸೋಸುಕ ಕೇಳಿದರೆ ಕೊಡುವವರಿಲ್ಲ.

ಮೈಸೂರಿನಿಂದ:
ಅಂಗಡಿಯ ಮಾತೇ ಪ್ರಮಾಣವಾದರೆ ಕನ್ನಡದಲ್ಲಿ ವಿಜ್ಞಾನ ಬರೆಯುವ ಶ್ರಮವೇ ಬೇಡ. ಎಲ್ಲವನ್ನೂ ಲಿಪಿ ಬದಲಿಸಿ ಅಚ್ಚು ಹಾಕಿ.

ಧಾರವಾಡದಿಂದ:
ಬಸ್ಸು, ರೈಲು, ಪೆನ್ನು ಹಾಗೇ ಬಂದು ವಿಭಕ್ತಿ ಹಚ್ಚಿಕೊಂಡವು. ‘ಫಿಲ್ಟರಿನ’, ‘ಫಿಲ್ಟರನ್ನೇ’ ಎಂದು ಮೊದಲ ಪತ್ರದಲ್ಲೇ ಸಲೀಸಾಗಿ ನಡೆದಿದೆ. ಶೋಧಕವನ್ನು ಈ ಕೈಪಿಡಿಯ ಮಟ್ಟಿಗೆ ಬಿಡುತ್ತೇನೆ. ಸೋಸುಕವನ್ನಂತೂ ಒಪ್ಪೆ.

ಗೆಳೆಯರೇ,
‘ಕಿರುಪಟ್ಟಿ ಫಿಲ್ಟರ್’, ‘ಕಡಿಮೆ ಎಫ್ ಸಂಖ್ಯೆಯ ದೂರದರ್ಶಕ’ ಎಂದು ತಿದ್ದಿದ್ದೇನೆ. ತರಂಗಾಂತರ ಹಾಗೇ ಇದೆ. ಪುಟ ಈಗ ಮುದ್ರಕರಿಗೆ ಹೋಗುತ್ತಿದೆ.