ಮೇಜಿನ ಹ್ಯುಮಿಡಾರ್: ಕೊಳ್ಳುವ ಮುಂಚೆ, ಸಿಗಾರ್ ಇಡುವ ಮುಂಚೆ

ಈ ವಾರ ಉತ್ತರ ಕೊಡುವವರು ಇಬ್ಬರು. ಒಬ್ಬರು ಸಿಗಾರ್ ಅಂಗಡಿಯ ದಾಸ್ತಾನು ನೋಡಿಕೊಳ್ಳುವವರು, ಇನ್ನೊಬ್ಬರು ಹ್ಯುಮಿಡಾರ್ (ಸಿಗಾರ್ ಒಣಗದಂತೆ ತೇವ ಹಿಡಿದಿಡುವ ಮರದ ಪೆಟ್ಟಿಗೆ) ಕಟ್ಟುವ, ರಿಪೇರಿ ಮಾಡುವ ಮರಗೆಲಸದವರು. 21 ದಾಟಿದವರಿಗೆ ಮಾತ್ರ ಈ ಚರ್ಚೆ. ಹ್ಯುಮಿಡಾರ್‌ನಲ್ಲಿಟ್ಟರೆ ಸಿಗಾರ್ ಕೆಡುವುದಿಲ್ಲ ಅಷ್ಟೇ, ಸೇದುವವರಿಗೆ ಆಗುವ ಕೇಡು ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಪ್ರಶ್ನೆ (ಜಯನಗರ, ಬೆಂಗಳೂರು): ಸರ್, ಮನೇಲಿ ಯಾವಾಗ್ಲೂ ಒಂದು 20 ಸಿಗಾರ್ ಇರುತ್ತೆ. ಆನ್‌ಲೈನ್‌ನಲ್ಲಿ 25ರದು, 50ರದು, ಗಾಜಿನ ಮುಚ್ಚಳದ್ದು ಎಲ್ಲ ಇದೆ. ಯಾವುದು ತಗೊಳ್ಳಲಿ? ಕೈಗೆ ಬಂದಮೇಲೆ ಏನೇನು ನೋಡ್ಬೇಕು?

ದಾಸ್ತಾನಿನವರು: 50ರದು ತಗೊಳ್ಳಿ. ಪೆಟ್ಟಿಗೆಯ ಮೇಲೆ ಬರೆದಿರುವ ಸಂಖ್ಯೆ ಸಣ್ಣ ಸಿಗಾರ್‌ಗಳನ್ನು ಸಂದಿಲ್ಲದಂತೆ ಜೋಡಿಸಿದಾಗಿನ ಲೆಕ್ಕ. ಈಗ ಹೆಚ್ಚಾಗಿ ಸಿಗುವ ರೊಬುಸ್ಟೊ ಅಳತೆಯವು (5 ಇಂಚು ಉದ್ದ, 50 ರಿಂಗ್) ಅದರಲ್ಲಿ 30–35 ಹಿಡಿದರೆ ಹೆಚ್ಚು. ರಿಂಗ್ ಅಂದರೆ ಇಂಚಿನ 64ನೇ ಒಂದು ಭಾಗ, ಹಾಗಾಗಿ 50 ರಿಂಗ್‌ನ ಸಿಗಾರ್ ಸುಮಾರು 20 ಮಿ.ಮೀ. ದಪ್ಪ ಇರುತ್ತದೆ. ಗಾಳಿಯ ತೇವಾಂಶ ಅಳೆಯುವ ಮೀಟರ್, ತೇವ ಕೊಡುವ ಪ್ಯಾಕ್ ಇವೂ ಜಾಗ ತಿನ್ನುತ್ತವೆ. ಚರ್ಚಿಲ್ ಅಳತೆಯದು 7 ಇಂಚು. ಒಳಗಿನ ಉದ್ದ 19 ಸೆಂ.ಮೀ. ಇಲ್ಲದಿದ್ದರೆ ಅದನ್ನು ಓರೆಯಾಗಿಯೇ ಮಲಗಿಸಬೇಕು. ಮುಕ್ಕಾಲು ಭಾಗ ತುಂಬಿರುವ ಪೆಟ್ಟಿಗೆ ಎಲ್ಲಕ್ಕಿಂತ ಸ್ಥಿರ. ಪೂರ್ತಿ ತುಂಬಿದರೆ ಗಾಳಿ ಆಡುವುದಿಲ್ಲ, ನಾಲ್ಕೇ ಸಿಗಾರ್ ಇದ್ದರೆ ಮುಚ್ಚಳ ತೆಗೆದಾಗಲೆಲ್ಲ ಮುಳ್ಳು ಕುಣಿಯುತ್ತದೆ.

ಮರಗೆಲಸದವರು: ಹೊರಗಿನ ಪಾಲಿಶ್ ನೋಡಿ ಮರುಳಾಗಬೇಡಿ, ಮುಚ್ಚಳ ಕೂರುವ ರೀತಿ ನೋಡಿ. ಮೊಬೈಲ್ ಟಾರ್ಚ್ ಹಾಕಿ ಒಳಗಿಟ್ಟು ಮುಚ್ಚಿ, ಕೋಣೆ ಕತ್ತಲು ಮಾಡಿ, ನಾಲ್ಕೂ ಕಡೆ ಬಗ್ಗಿ ನೋಡಿ. ಎಲ್ಲಾದರೂ ಬೆಳಕಿನ ಗೆರೆ ಕಂಡರೆ ತೇವವೂ ಅಲ್ಲಿಂದಲೇ ಹೋಗುತ್ತದೆ. ಆಮೇಲೆ ಒಂದು ಕಾಗದದ ಪಟ್ಟಿಯನ್ನು ಮುಚ್ಚಳದ ಅಂಚಿಗೆ ಸಿಕ್ಕಿಸಿ ಎಳೆಯಿರಿ; ಸುತ್ತಲೂ ಒಂದೇ ಬಿಗಿ ಇರಬೇಕು. ಕೀಲಿನ ಕಡೆ ಬಿಗಿಯಾಗಿದ್ದು ಮುಂದುಗಡೆ ಸಡಿಲವಿದ್ದರೆ ಕೀಲು ಕೂರಿಸುವಾಗಲೇ ತಪ್ಪಾಗಿದೆ, ವಾಪಸ್ ಮಾಡಿ. ಕೊನೆಯದಾಗಿ ಮುಚ್ಚಳವನ್ನು ನಾಲ್ಕು ಬೆರಳು ಎತ್ತರದಿಂದ ಬಿಡಿ. ಚೆನ್ನಾಗಿ ಕಟ್ಟಿದ ಪೆಟ್ಟಿಗೆಯಲ್ಲಿ ಕೊನೆಯ ಅರ್ಧ ಸೆಂ.ಮೀ. ಬಂದಾಗ ಒಳಗಿನ ಗಾಳಿ ತಡೆದು ಅದು ಮೆಲ್ಲಗೆ ಕೂರುತ್ತದೆ. ಟಪ್ ಅಂತ ಬಡಿದರೆ ಸೀಲ್ ಇಲ್ಲ.

ಗಾಜಿನ ಮುಚ್ಚಳದ್ದನ್ನು ನಾನು ಹೇಳುವುದಿಲ್ಲ. ಅಗ್ಗದವುಗಳಲ್ಲಿ ಗಾಜು–ಮರದ ಸಂದಿಗೆ ನಾಲ್ಕು ಹನಿ ಅಂಟು ಬಿಟ್ಟರೆ ಏನೂ ಇರುವುದಿಲ್ಲ, ಮೇಲಾಗಿ ಬೆಳಕೂ ಬೀಳುತ್ತದೆ. ಈಗಾಗಲೇ ಕೊಂಡಿದ್ದರೆ ಒಳಗಿನಿಂದ ಸುತ್ತಲೂ ನ್ಯೂಟ್ರಲ್ ಸಿಲಿಕೋನ್ ಎಳೆದು, ವಾಸನೆ ಪೂರ್ತಿ ಹೋಗುವವರೆಗೆ ವಾರಗಟ್ಟಲೆ ತೆರೆದಿಡಿ. ವಿನೆಗರ್ ವಾಸನೆಯ ಸಿಲಿಕೋನ್ ಬೇಡವೇ ಬೇಡ. ಮುಂದುಗಡೆ ತೂತು ಕೊರೆದು ಮೀಟರ್ ಕೂರಿಸಿರುವ ಪೆಟ್ಟಿಗೆಗಳಲ್ಲೂ ಆ ತೂತೇ ಸೋರುವ ಜಾಗ.

ಪ್ರಶ್ನೆ (ಅದೇ ಜಯನಗರದವರು): ಜೊತೆಗೆ ಬಂದ ಮುಳ್ಳಿನ ಮೀಟರ್ ಖಾಲಿ ಪೆಟ್ಟಿಗೇಲೇ 58 ತೋರಿಸ್ತಿದೆ, ಹೊರಗಿಟ್ರೂ 58. ನಂಬಬಹುದಾ?

ದಾಸ್ತಾನಿನವರು: ನಂಬಬೇಡಿ. ಒಂದು ಸಣ್ಣ ಡಿಜಿಟಲ್ ಮೀಟರ್ ಕೊಂಡು, ಅದನ್ನೂ ಉಪ್ಪಿನಲ್ಲಿ ಪರೀಕ್ಷಿಸಿ. ನೀರಿನ ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ, ಹನಿಹನಿಯಾಗಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಕರಗಿ ನೀರಾದರೆ ಹೆಚ್ಚಾಯಿತು, ಇನ್ನಷ್ಟು ಉಪ್ಪು ಹಾಕಿ. ಮುಚ್ಚಳವನ್ನೂ ಮೀಟರನ್ನೂ ಒಂದಕ್ಕೊಂದು ತಾಗದಂತೆ ಜಿಪ್ ಕವರ್‌ನಲ್ಲಿಟ್ಟು ಮುಚ್ಚಿ 12 ಗಂಟೆ ಬಿಡಿ. ಕವರ್ ತೆರೆಯದೆ, ಹೊರಗಿನಿಂದಲೇ ಓದಿ. ಒಳಗಿನ ಗಾಳಿ ಶೇ. 75ಕ್ಕೆ ನಿಂತಿರುತ್ತದೆ, ಮೀಟರ್ 71 ಅಂದರೆ 4 ಕಡಿಮೆ ತೋರಿಸುತ್ತಿದೆ ಎಂದರ್ಥ. ಹಿಂಬದಿಗೆ ಚೀಟಿ ಅಂಟಿಸಿ "+4" ಅಂತ ಬರೆದಿಡಿ. ಕಲ್ಲುಪ್ಪು ಹಾಕಬೇಡಿ, ಅದರಲ್ಲಿ ಉಳಿದಿರುವ ಮೆಗ್ನೀಷಿಯಂ ಕ್ಲೋರೈಡ್ ಲೆಕ್ಕ ಕೆಡಿಸುತ್ತದೆ. ಬಿಪಿ ಇರುವವರಿಗೆ ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಅದೂ ಆಗದು.

ಪ್ರಶ್ನೆ (ಬಳ್ಳಾರಿ): ಒಳಗಡೆ ಒದ್ದೆ ಬಟ್ಟೇಲಿ ಚೆನ್ನಾಗಿ ಒರೆಸಿ ಆಮೇಲೆ ಸಿಗಾರ್ ಇಡಿ ಅಂತ ಪೆಟ್ಟಿಗೆ ಜೊತೆ ಬಂದ ಚೀಟೀಲಿದೆ. ಹಾಗೇ ಮಾಡ್ಲಾ ಸರ್?

ಮರಗೆಲಸದವರು: ಬೇಡ. ಒಳಪದರದ ಹಲಗೆ 3–5 ಮಿ.ಮೀ. ದಪ್ಪ. ಒರೆಸಿದರೆ ಮೇಲ್ಮೈ ಮಾತ್ರ ಒಮ್ಮೆಲೇ ನೀರು ಕುಡಿದು ಉಬ್ಬುತ್ತದೆ, ಹಿಂಬದಿ ಒಣಗಿಯೇ ಇರುತ್ತದೆ. ಹಲಗೆ ಬಾಗಿ ಮೂಲೆ ಬಿಡುತ್ತದೆ, ಮುಚ್ಚಳ ಸರಿಯಾಗಿ ಕೂರುವುದಿಲ್ಲ. ನನ್ನ ಹತ್ತಿರ ರಿಪೇರಿಗೆ ಬರುವ ಪೆಟ್ಟಿಗೆಗಳಲ್ಲಿ ಈ ಕಾಯಿಲೆಯೇ ಹೆಚ್ಚು.

ಆದರೆ ಮರಕ್ಕೆ ಮೆಲ್ಲಗೆ ತೇವ ಕುಡಿಸಿ ಹದ ಮಾಡದೆ ಸಿಗಾರ್ ಇಡುವಂತೆಯೂ ಇಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ, ಗಾಳಿಯ ತೇವಾಂಶ ಶೇ. 30ರ ಆಸುಪಾಸಿಗೆ ಬಂದಾಗ, ಮರದಲ್ಲಿರುವ ನೀರು ಅದರ ತೂಕದ ಶೇ. 6 ಮಾತ್ರ. ಶೇ. 70ರ ಗಾಳಿಗೆ ಹೊಂದಿಕೊಂಡ ಮರದಲ್ಲಿ ಅದು 13. ಒಳಪದರ ಅರ್ಧ ಕೆ.ಜಿ. ಇದ್ದರೆ ಅದು 35 ಗ್ರಾಂ ನೀರು ಬೇಡುತ್ತದೆ. ನೀವು ಕೊಡದಿದ್ದರೆ ಸಿಗಾರ್‌ನಿಂದ ಎಳೆದುಕೊಳ್ಳುತ್ತದೆ.

ಕೊಡುವ ದಾರಿ ಎರಡು. ಬೋವೆಡಾದಂಥ ಕಂಪನಿಗಳ 84ರ ಪ್ಯಾಕ್ (60 ಗ್ರಾಂ; ಸುತ್ತಲಿನ ಗಾಳಿಯ ತೇವಾಂಶವನ್ನು ಶೇ. 84ಕ್ಕೆ ತರುವಂಥದ್ದು), ಪ್ರತಿ 25 ಸಿಗಾರ್ ಅಳತೆಗೆ ಒಂದರಂತೆ ಖಾಲಿ ಪೆಟ್ಟಿಗೆಯಲ್ಲಿಟ್ಟು 14 ದಿನ ಮುಚ್ಚಿಡುವುದು. ಇಲ್ಲವೇ ಹೊಸ ಸ್ಪಂಜನ್ನು ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಸೋರದಷ್ಟು ಹಿಂಡಿ, ಬಟ್ಟಲಲ್ಲಿಟ್ಟು ಮುಚ್ಚುವುದು. ಸ್ಪಂಜು ಮರಕ್ಕೆ ತಾಗಬಾರದು. ದಿನಕ್ಕೊಮ್ಮೆ ನೋಡಿ, ಒಣಗಿದ್ದರೆ ಮತ್ತೆ ನೆನೆಸಿ. ಮೀಟರ್ 75 ದಾಟಿತು ಅಂತ ಖುಷಿಪಡಬೇಡಿ, ಅದು ಗಾಳಿಯ ಲೆಕ್ಕ. ಸ್ಪಂಜು ತೆಗೆದು ಮುಚ್ಚಿ ಒಂದು ದಿನ ಬಿಡಿ. 68–70ರಲ್ಲಿ ನಿಂತರೆ ಮರ ಕುಡಿದಿದೆ, 60ಕ್ಕೆ ಬಿದ್ದರೆ ಇನ್ನೂ ಬಾಯಾರಿದೆ.

ದಾಸ್ತಾನಿನವರು: ನೀರಿನ ಬಗ್ಗೆ ಒಂದು ಮಾತು. ಕೊಳವೆಬಾವಿ ನೀರಂತೂ ಆಗದು, ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ತೇವ ಕೊಡಲು ನೀರು ಹಾಕಿ ಪೆಟ್ಟಿಗೆಯಲ್ಲಿಡುವ ಫೋಮ್‌ನ ರಂಧ್ರ ಕಟ್ಟಿಕೊಂಡು ಕೆಲವೇ ತಿಂಗಳಲ್ಲಿ ಅದು ಕೆಲಸಕ್ಕೆ ಬಾರದಾಗುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಡಿಸ್ಟಿಲ್ಡ್ ನೀರು ಕೇಳಿ. ಬ್ಯಾಟರಿಗೆ ಹಾಕುವ ನೀರಾದರೆ ಆ್ಯಸಿಡ್ ಸೇರಿಸಿಲ್ಲ ಅನ್ನುವುದನ್ನು ಲೇಬಲ್ ಓದಿ ಖಾತ್ರಿ ಮಾಡಿಕೊಳ್ಳಿ.

ಹದ ಆದಮೇಲೆ ಫೋಮ್ ಬಿಟ್ಟು ಎರಡೂ ಕಡೆ ಕೆಲಸ ಮಾಡುವ 69ರ ಪ್ಯಾಕ್ ಇಡುವುದೇ ವಾಸಿ. ಫೋಮ್ ತೇವ ಕೊಡುವುದನ್ನು ಮಾತ್ರ ಬಲ್ಲದು. ಪ್ಯಾಕ್ ಒಳಗಿನ ಉಪ್ಪಿನ ದ್ರಾವಣ ಹೆಚ್ಚಾದರೆ ಹೀರಿಕೊಳ್ಳುತ್ತದೆ. ಇಲ್ಲೂ 25 ಸಿಗಾರ್‌ಗೆ ಒಂದು 60 ಗ್ರಾಂ ಪ್ಯಾಕ್. 65ರದನ್ನೂ 72ರದನ್ನೂ ಒಟ್ಟಿಗೆ ಹಾಕಿದರೆ ಒಂದು ಇನ್ನೊಂದರ ನೀರು ಕುಡಿಯುತ್ತ ಕೂರುತ್ತದೆ, ಲಾಭವಿಲ್ಲ. ಪ್ಯಾಕ್ ಒಳಗೆ ಗಟ್ಟಿ ಹರಳು ಕೈಗೆ ಸಿಗತೊಡಗಿದರೆ ಬದಲಿಸಿ. ಫೋಮೇ ಬೇಕು ಅನ್ನುವವರು ಪ್ರೊಪಿಲಿನ್ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ ಬೆರೆಸಿ ಹಾಕಿ. ತೇವವನ್ನು 70ರ ಸುತ್ತ ಹಿಡಿಯುತ್ತದೆ, ಬೂಷ್ಟನ್ನೂ ತಡೆಯುತ್ತದೆ. ಆಮೇಲಾಮೇಲೆ ಬರೀ ನೀರು ಸಾಕು, ಆವಿಯಾಗುವುದು ನೀರೇ.

ಪ್ರಶ್ನೆ (ಮೈಸೂರು): ಅಜ್ಜನ ಕಾಲದ ಬೀಟೆ ಮರದ ಇನ್ಲೇ ಪೆಟ್ಟಿಗೆ ಇದೆ, ಒಳಗೆ ಗಂಧದ ಮರದ ತೆಳು ಪಟ್ಟಿ. ಇದನ್ನೇ ಹ್ಯುಮಿಡಾರ್ ಮಾಡಬಹುದಾ?

ಮರಗೆಲಸದವರು: ಮಾಡಬಹುದು, ಗಂಧ ಹೊರಗೆ ಬರಬೇಕು ಅಷ್ಟೇ. ಗಂಧದ ಎಣ್ಣೆಯ ವಾಸನೆ ಸಿಗಾರ್‌ಗೆ ಇಳಿದರೆ ಮತ್ತೆ ಹೋಗುವುದಿಲ್ಲ. ದೇವದಾರು, ಕರ್ಪೂರದ ಮರದ್ದೂ ಇದೇ ತಕರಾರು. ತೆಗೆದ ಪಟ್ಟಿಯನ್ನು ಎಸೆಯಬೇಡಿ, ಬೆಲೆಬಾಳುತ್ತದೆ.

ಒಳಪದರಕ್ಕೆ ಸ್ಪ್ಯಾನಿಷ್ ಸೀಡರ್ 4 ಮಿ.ಮೀ. ಹಲಗೆ ಹಾಕಿ. ಅದು ಮಧ್ಯ, ದಕ್ಷಿಣ ಅಮೆರಿಕದ ಮರ, ನಮ್ಮ ಬೇವಿನ ಬಳಗದ್ದು. ತೇವ ಹೀರಿ ಬಿಡುತ್ತದೆ, ಬೇಗ ಬೂಷ್ಟು ಹಿಡಿಯುವುದಿಲ್ಲ. ಸಿಗದಿದ್ದರೆ ಅದರ ಹತ್ತಿರದ ನೆಂಟ ತೂನ್, ನಮ್ಮ ಕಡೆ ಗಂಧಗರಿಗೆ ಅನ್ನುವ ಮರ. ಹಿಂದೆ ಸಿಗಾರ್ ಪೆಟ್ಟಿಗೆಗೆ ಅದನ್ನು ಬಳಸಿದ್ದುಂಟು. ಚೆನ್ನಾಗಿ ಒಣಗಿದ ಹಲಗೆಯೇ ಆಗಬೇಕು. ಹಸಿಯಾಗಿದ್ದರೆ ಅಂಟು ಒಸರುತ್ತದೆ.

ಕೂರಿಸುವಾಗ ನೋಡಬೇಕಾದ್ದು: ಪಕ್ಕದ ಹಲಗೆಗಳು ಪೆಟ್ಟಿಗೆಯ ಬಾಯಿಗಿಂತ 5–6 ಮಿ.ಮೀ. ಮೇಲೆದ್ದಿರಬೇಕು, ಮುಚ್ಚಳ ಇಳಿದಾಗ ಆ ತುಟಿಯ ಹೊರಗೆ ಬಂದು ಕೂರಬೇಕು. ಸೀಲ್ ಅಂದರೆ ಇದೇ. ತಳದ ಹಲಗೆಯನ್ನು ಅಂಟಿಸಬೇಡಿ, ಅಡ್ಡ ಅಗಲಕ್ಕೆ ಒಂದೂವರೆ ಮಿ.ಮೀ. ಸಂದು ಬಿಟ್ಟು ಹಾಗೇ ಇಳಿಸಿ, ಮೇಲೆ ಪಕ್ಕದ ಹಲಗೆಗಳು ಒತ್ತಿ ಹಿಡಿಯುತ್ತವೆ. ಹದವಾದಾಗ ಮರ ಉಬ್ಬುತ್ತದೆ. ಜಾಗವಿಲ್ಲದಿದ್ದರೆ ಒಳಗಿನಿಂದ ತಳ್ಳಿ ಹಳೇ ಬೀಟೆಯ ಮೂಲೆಯನ್ನೇ ಬಿಚ್ಚಿಬಿಡುತ್ತದೆ. ಒಳಗೆ ಪಾಲಿಶ್, ವಾರ್ನಿಶ್ ಯಾವುದೂ ಬೇಡ. ಮರಳುಕಾಗದ 220ರಲ್ಲಿ ಉಜ್ಜಿ ಬಿಟ್ಟರಾಯಿತು.

ಪ್ರಶ್ನೆ (ಮಂಗಳೂರು): ಜೂನ್ ಬಂತು ಅಂದ್ರೆ ಮೀಟರ್ 76–78. ನೀರಿನ ಡಬ್ಬಿ ತೆಗೆದಿಟ್ರೂ ಇಳಿಯುವುದಿಲ್ಲ. ಒಂದೆರಡು ಸಿಗಾರ್ ಮೇಲೆ ಬಿಳಿ ಹುಡಿ ಬಂದಿದೆ. ಅದು ಪ್ಲೂಮ್, ಅಂದ್ರೆ ಎಲೆಯ ಎಣ್ಣೆ ಹೊರಗೆ ಬಂದು ಹರಳಾದದ್ದು, ಒಳ್ಳೇದು ಅಂತಾರೆ ಮಾರಾಯ್ರೆ, ಹೌದಾ?

ದಾಸ್ತಾನಿನವರು: ಹುಡಿ ಎದ್ದು ನಿಂತು ಹತ್ತಿಯ ನಾರಿನ ಹಾಗೆ ಕಂಡರೆ, ಚುಕ್ಕೆ ಚುಕ್ಕೆಯಾಗಿದ್ದರೆ, ಹಸಿರು–ನೀಲಿ ಛಾಯೆ ಇದ್ದರೆ ಅದು ಬೂಷ್ಟು. 78ರ ಪೆಟ್ಟಿಗೆಯಲ್ಲಿ ಬಂದದ್ದನ್ನು ನಾನಂತೂ ಬೂಷ್ಟು ಅಂತಲೇ ಎಣಿಸುತ್ತೇನೆ. ಹೊತ್ತಿಸುವ ತುದಿಗೆ, ಒಳಗಿನ ಎಲೆಗೆ ಹತ್ತಿದ್ದರೆ ಎಸೆಯಿರಿ. ಪೆಟ್ಟಿಗೆ ಖಾಲಿ ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ವಾಸನೆ ಹೋಗುವ ತನಕ ತೆರೆದಿಟ್ಟು, ಮತ್ತೆ ಹದ ಮಾಡಿ.

ಕರಾವಳಿಯ ಮಳೆಗಾಲದಲ್ಲಿ ಹೊರಗಿನ ಗಾಳಿಯೇ 85–90. ಮರದ ಪೆಟ್ಟಿಗೆ ಎಷ್ಟೇ ಬಿಗಿ ಇರಲಿ, ಸ್ವಲ್ಪ ಸೋರಿಯೇ ಸೋರುತ್ತದೆ. ಬಯಲುಸೀಮೆಯಲ್ಲಿ ಒಳಗಿನದು ಹೊರಗೆ, ನಿಮ್ಮಲ್ಲಿ ಹೊರಗಿನದು ಒಳಗೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮೇಜಿನ ಹ್ಯುಮಿಡಾರ್ ಬಿಟ್ಟುಬಿಡಿ. ರಬ್ಬರ್ ಗ್ಯಾಸ್ಕೆಟ್, ನಾಲ್ಕು ಕಡೆ ಲಾಕ್ ಇರುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸೀಡರ್‌ನ ಒಂದೆರಡು ಹಲಗೆ, 65ರ ಪ್ಯಾಕ್: ನೋಡಲು ಚೆಂದವಿಲ್ಲ, ಕೆಲಸ ಪಕ್ಕಾ. ಹೊಸ ಡಬ್ಬಿಯನ್ನು ಮೊದಲು ಅಡುಗೆ ಸೋಡಾ ಹಾಕಿ ತೊಳೆದು ಪ್ಲಾಸ್ಟಿಕ್ ವಾಸನೆ ತೆಗೆಯಿರಿ. ಪ್ಯಾಕ್ ದಿಂಬಿನಂತೆ ಉಬ್ಬಿದರೆ ಇನ್ನು ಹೀರಲಾರದು, ಬದಲಿಸಿ. ರಾತ್ರಿ ಎ.ಸಿ., ಹಗಲು ಬಂದ್ ಆಗುವ ಕೋಣೆಯಲ್ಲಿ ಇಡಬೇಡಿ, ತಂಪು–ಬಿಸಿ ಏರಿಳಿತದಲ್ಲಿ ಮೀಟರೂ ಏರಿಳಿಯುತ್ತದೆ.

ಪ್ರಶ್ನೆ (ಹುಬ್ಬಳ್ಳಿ): ಸಿಗಾರ್ ಮ್ಯಾಲೆ ಗುಂಡುಸೂಜಿ ಚುಚ್ಚಿದಂಗ ತೂತ ಬಿದ್ದಾವ್ರಿ, ಕೆಳಗ ಕಂದು ಪುಡಿ. ಪೆಟ್ಟಿಗಿ ಅಡಗಿಮನಿ ಕಪಾಟಿನ್ಯಾಗ ಐತಿ.

ದಾಸ್ತಾನಿನವರು: ತಂಬಾಕಿನ ಹುಳ. ಬಲಿತದ್ದು 2–3 ಮಿ.ಮೀ., ಕೆಂಗಂದು ಬಣ್ಣ, ಒಳಗೆ ಎಲೆ ತಿನ್ನುತ್ತ ಸುರಂಗ ಕೊರೆಯುವುದು ಅದರ ಮರಿ. ಇದೇ ಹುಳ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಅರಿಸಿನಕ್ಕೂ ಬೀಳುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ ಪಕ್ಕದಲ್ಲಿ ಹ್ಯುಮಿಡಾರ್ ಇಡುವುದು ಎರಡಕ್ಕೂ ಕೆಟ್ಟದ್ದು, ಮೊದಲು ಅಲ್ಲಿಂದ ತೆಗೆಯಿರಿ. ಮೊಟ್ಟೆ ಎಲೆಯ ಜೊತೆಯೇ ಬಂದಿರಬಹುದು. 24–25 ಡಿಗ್ರಿ ದಾಟಿದ ಮೇಲೆ ಒಡೆಯುವ ಅಪಾಯ ಹೆಚ್ಚು. ಪೆಟ್ಟಿಗೆಗೆ 18–21 ಡಿಗ್ರಿ ಒಳ್ಳೆಯದು ಅನ್ನುವುದು ಇದಕ್ಕೇ. ಬೇಸಿಗೆಯಲ್ಲಿ ಅಷ್ಟು ಆಗದಿದ್ದರೆ ಒಳಗೋಡೆಯ ಪಕ್ಕ, ಕೆಳಗಿನ ಖಾನೆ. ಫ್ರಿಜ್, ಟಿವಿ, ಇನ್ವರ್ಟರ್ ಮೇಲಂತೂ ಬೇಡ.

ತೂತು ಬಿದ್ದವನ್ನು ಎಸೆಯಿರಿ. ಉಳಿದ ಎಲ್ಲವನ್ನೂ, ಚೆನ್ನಾಗಿ ಕಂಡರೂ, ಜಿಪ್ ಕವರ್‌ಗೆ ಹಾಕಿ ಗಾಳಿ ಒತ್ತಿ ತೆಗೆದು, ಅದನ್ನು ಇನ್ನೊಂದು ಕವರ್‌ಗೆ ಹಾಕಿ. ಫ್ರಿಜ್‌ನಲ್ಲಿ 1 ದಿನ, ಮೈನಸ್ 18ರ ಫ್ರೀಜರ್‌ನಲ್ಲಿ 3 ದಿನ, ಮತ್ತೆ ಫ್ರಿಜ್‌ನಲ್ಲಿ 1 ದಿನ, ಹೊರಗೆ 1 ದಿನ. ನೇರ ಫ್ರೀಜರ್‌ಗೆ ಹಾಕಿದರೆ, ನೇರ ಹೊರಗೆ ತೆಗೆದರೆ ಹೊರ ಎಲೆ ಸೀಳುತ್ತದೆ. ಕವರ್ ಮೇಲಿನ ಬೆವರು ಪೂರ್ತಿ ಆರುವ ತನಕ ತೆರೆಯಬೇಡಿ. ಪೆಟ್ಟಿಗೆಯ ಮೂಲೆಗಳನ್ನು ವ್ಯಾಕ್ಯೂಮ್ ಮಾಡಿ. ಹುಳದ ಸ್ಪ್ರೇ ಹೊಡೆದರೆ ಆ ಪೆಟ್ಟಿಗೆ ಮತ್ತೆ ಉಪಯೋಗಕ್ಕಿಲ್ಲ.

ಪ್ರಶ್ನೆ (ಶಿಕಾಗೊ): ಇಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದ್ರೆ ಮನೆಯೊಳಗೆ ತೇವಾಂಶ 20ಕ್ಕೆ ಇಳಿಯುತ್ತೆ. ಪ್ಯಾಕ್ ತಿಂಗಳೂ ಬರಲ್ಲ. ಡ್ರಾಯರಲ್ಲಿ ಮರೆತ ಕೆಲವು ಸಿಗಾರ್ ಕಡ್ಡಿ ಥರ ಒಣಗಿವೆ.

ದಾಸ್ತಾನಿನವರು: ನವೆಂಬರ್‌ನಿಂದ ಮಾರ್ಚ್ ತನಕ ಪ್ಯಾಕ್ ಸಂಖ್ಯೆ ದುಪ್ಪಟ್ಟು ಮಾಡಿ, 69ರ ಬದಲು 72 ಹಾಕಿ. ಹೀಟರ್‌ನ ಗಾಳಿಕಿಂಡಿಯಿಂದ ದೂರ ಇಡಿ. ಒಣಗಿದವನ್ನು ನೇರ 72ರೊಳಗೆ ಹಾಕಬೇಡಿ, ಒಳ ಎಲೆ ಉಬ್ಬಿ ಹೊರ ಎಲೆ ಸೀಳುತ್ತದೆ. ಜಿಪ್ ಕವರ್‌ನಲ್ಲಿ 62ರ ಪ್ಯಾಕ್ ಜೊತೆ ಎರಡು ವಾರ, ಆಮೇಲೆ 65ರ ಜೊತೆ ಎರಡು ವಾರ, ಆಮೇಲೆ ಪೆಟ್ಟಿಗೆ. ಒತ್ತಿ ನೋಡಿದಾಗ ಸದ್ದಿಲ್ಲದೆ ತುಸು ತಗ್ಗಿ ಮತ್ತೆ ಏಳಬೇಕು. ಹೋದ ಎಣ್ಣೆ, ಪರಿಮಳ ಮಾತ್ರ ಮರಳಿ ಬರುವುದಿಲ್ಲ.

ಪ್ರಶ್ನೆ (ಕೋಲಾರ): ತಿರುಚ್ಚಿ ಚುಟ್ಟಾನೂ ಇದರಲ್ಲೇ ಇಡಬಹುದಾ?

ದಾಸ್ತಾನಿನವರು: ಬೇಡ. ಅದು ಒಣಗಿಸಿಯೇ ಸೇದುವ ಮಾಲು, 70ರಲ್ಲಿಟ್ಟರೆ ಹೊತ್ತಿಕೊಳ್ಳದೆ ಕಾಡುತ್ತದೆ, ಅದರ ಘಾಟು ಬೇರೆ ಪಕ್ಕದವಕ್ಕೆಲ್ಲ ಹತ್ತುತ್ತದೆ. ಗಾಳಿಯಾಡದ ತಗಡಿನ ಡಬ್ಬಿ ಸಾಕು. ವೆನಿಲಾ, ರಮ್ ಪರಿಮಳದ ಸಿಗಾರ್‌ಗಳಿಗೂ ಬೇರೆ ಡಬ್ಬಿಯೇ ಆಗಬೇಕು.