ಭಾನುವಾರದ ಪ್ರಶ್ನೋತ್ತರ: ಬಸುರಿ, ಬಾಣಂತಿ ಮತ್ತು ನೋವಿನ ಮಾತ್ರೆ

ಗುಂಪಿನ ನಿರ್ವಾಹಕಿ: ಈ ವಾರದ ವಿಷಯ ಅಫೀಮು ಜಾತಿಯ ಔಷಧಗಳು, ಅಂದರೆ ಟ್ರಾಮಡಾಲ್, ಕೊಡೀನ್, ಮಾರ್ಫಿನ್ ಇತ್ಯಾದಿ. ನಮ್ಮ ಪ್ರಸೂತಿ ತಜ್ಞೆ ಡಾಕ್ಟರ್ ಮೇಡಂ ರಾತ್ರಿ ಹತ್ತರವರೆಗೆ ಉತ್ತರಿಸುತ್ತಾರೆ.

ತುಮಕೂರಿನ ಬಾಣಂತಿ: ಸಿಸೇರಿಯನ್ ಆಗಿ ಐದು ದಿನ. ಚೀಟಿಯಲ್ಲಿ ಟ್ರಾಮಡಾಲ್ ಬರೆದಿದ್ದಾರೆ. ಮಗುವಿಗೆ ಹಾಲು ಕುಡಿಸಬಹುದೇ?

ಡಾಕ್ಟರ್: ಪ್ಯಾರಸಿಟಮಾಲ್, ಐಬುಪ್ರೊಫೆನ್‌ಗೆ ನೋವು ಬಗ್ಗುತ್ತಿದ್ದರೆ ಅದರ ಅಗತ್ಯವೇ ಇಲ್ಲ. ಬರೆದವರಿಗೆ ಕರೆ ಮಾಡಿ, ಬದಲಿ ಕೇಳಿ. ಕೊಡೀನ್ ಕೆಲವರ ದೇಹದಲ್ಲಿ ಬಹಳ ಬೇಗ ಮಾರ್ಫಿನ್ ಆಗಿ ಹಾಲಿಗೆ ಇಳಿಯುತ್ತದೆ. ಟ್ರಾಮಡಾಲ್‌ನ ತೊಂದರೆಯೂ ಅಂಥದ್ದೇ. ಹಾಲೂಡಿಸುವವರಿಗೆ ಎರಡೂ ಬೇಡ ಎಂದು 2017ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ. ಈಗಾಗಲೇ ನುಂಗಿದ್ದರೆ ಮಗುವನ್ನು ಗಮನಿಸಿ. ಎಬ್ಬಿಸಿದರೂ ಏಳದಿದ್ದರೆ, ಹಾಲು ಚೀಪದಿದ್ದರೆ, ಉಸಿರು ನಿಧಾನವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹಾಸನದ ಸದಸ್ಯೆ: ಕೆಮ್ಮಿನ ಸಿರಪ್‌ನಲ್ಲಿ ಕೊಡೀನ್ ಇದೆ. ಎರಡು ತಿಂಗಳ ಮಗುವಿಗೆ ಹಾಲು ಕುಡಿಸುತ್ತಿದ್ದೇನೆ.

ಡಾಕ್ಟರ್: ಬೇಡ. ಮೇಲೆ ಓದಿ.

ಹೆಸರು ಹೇಳದ ಸದಸ್ಯೆ: ಮೇಡಂ, ನನಗೆ ಏಳು ತಿಂಗಳು. ಮೊದಲ ಹೆರಿಗೆಯ ನಂತರ ಬೆನ್ನುನೋವಿಗೆಂದು ಟ್ರಾಮಡಾಲ್ ಶುರು ಮಾಡಿದೆ. ಎರಡು ವರ್ಷವಾಯಿತು, ಈಗ ದಿನಕ್ಕೆ ಆರು ಮಾತ್ರೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಅಕ್ಕಿ ಡಬ್ಬದೊಳಗೆ ಇಡುತ್ತೇನೆ. ‘ಮಗು ಬೇಕಿದ್ದರೆ ಇವತ್ತೇ ಬಿಡಿ’ ಎಂಬ ಸಂದೇಶ ಓದಿ ನಿನ್ನೆ ಬೆಳಿಗ್ಗೆಯಿಂದ ಮುಟ್ಟಿಲ್ಲ. ಮೂಗು ಸೋರುತ್ತಿದೆ, ಆಕಳಿಕೆ ನಿಲ್ಲುತ್ತಿಲ್ಲ, ಭೇದಿ. ಹೊಟ್ಟೆ ಆಗಾಗ ಗಟ್ಟಿಯಾಗುತ್ತಿದೆ. ಶೀತವಿರಬಹುದೇ?

ಡಾಕ್ಟರ್: ಶೀತವಲ್ಲಮ್ಮ. ಒಗ್ಗಿಹೋದ ಔಷಧ ಥಟ್ಟನೆ ನಿಂತಾಗ ದೇಹ ಪಡುವ ಪಾಡು ಇದು. ಒಳಗಿರುವ ಮಗುವಿಗೂ ಅದೇ ಸಂಕಟ. ಅವಧಿಗೆ ಮುನ್ನವೇ ಹೆರಿಗೆನೋವು ಬರಬಹುದು. ಹೊಟ್ಟೆ ಗಟ್ಟಿಯಾಗುತ್ತಿದೆ ಎಂದಿರಲ್ಲ, ನನಗೆ ಭಯವಿರುವುದು ಅದಕ್ಕೇ. ನಾಳೆ ಎನ್ನಬೇಡಿ. ಹೆರಿಗೆ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಈಗಲೇ ಹೊರಡಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಬಿಟ್ಟದ್ದನ್ನು ತುಂಬಿಸಿಕೊಳ್ಳಲು ಒಟ್ಟಿಗೆ ಹಲವು ಮಾತ್ರೆ ನುಂಗಬೇಡಿ, ಟ್ರಾಮಡಾಲ್ ಹೆಚ್ಚಾದರೆ ಫಿಟ್ಸ್ ಬರುವುದುಂಟು. ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಜೊತೆಗೆ ಒಯ್ಯಿರಿ, ಎಷ್ಟು ಮಿಲಿಗ್ರಾಂ ಎಂದು ಅವರಿಗೆ ತಿಳಿಯಬೇಕು.

ಅಲ್ಲಿ ಬಹುಶಃ ನಾಲಿಗೆಯಡಿ ಇಡುವ ಬ್ಯೂಪ್ರೆನಾರ್ಫಿನ್ ಮಾತ್ರೆಯನ್ನು ಅಳೆದು ಕೊಡುತ್ತಾರೆ. ಅದೂ ಅಫೀಮು ಜಾತಿಯದೇ, ಆದರೆ ಅದರ ಪರಿಣಾಮ ಏರಿಳಿಯದೆ ಹೆಚ್ಚು ಹೊತ್ತು ಉಳಿಯುತ್ತದೆ. ಬಿಡಿಸುವ ಮಾತು ಆಮೇಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು.

ಮಕ್ಕಳ ವೈದ್ಯರಿಗೂ ಹೇಳಲೇಬೇಕು. ಹುಟ್ಟಿದ ಒಂದೆರಡು ಮೂರು ದಿನಗಳಲ್ಲಿ ಮಗು ಕೀರಲು ದನಿಯಲ್ಲಿ ಅಳಬಹುದು, ನಡುಗಬಹುದು, ಸೀನಬಹುದು, ಹಾಲು ಸರಿಯಾಗಿ ಕುಡಿಯದಿರಬಹುದು. ಗೊತ್ತಿದ್ದರೆ ಕೆಲವು ದಿನ ಹೆಚ್ಚು ಇಟ್ಟುಕೊಂಡು ನೋಡುತ್ತಾರೆ. ಗೊತ್ತಿಲ್ಲದೆ, ಉಸಿರು ಕಡಿಮೆಯೆಂದು ಅಫೀಮು ಜಾತಿಯ ಔಷಧದ ಪರಿಣಾಮವನ್ನು ಥಟ್ಟನೆ ಇಳಿಸುವ ನ್ಯಾಲಾಕ್ಸೋನ್ ಚುಚ್ಚಿದರೆ ಮಗುವಿಗೇ ಫಿಟ್ಸ್ ಬರಬಹುದು. ಅಂಥ ಮಗುವಿಗೆ ಮೊದಲ ಔಷಧ ನೀವೇ: ಮಂದ ಬೆಳಕು, ನಿಮ್ಮ ಮಗ್ಗುಲು, ನಿಮ್ಮ ಎದೆ. ಬ್ಯೂಪ್ರೆನಾರ್ಫಿನ್ ಮೇಲೆ ಸ್ಥಿರವಾಗಿದ್ದರೆ ಹಾಲೂ ಕೊಡಬಹುದು. ಹೊರಟಿರಾ?

ಮೈಸೂರಿನ ಅಜ್ಜಿ: ಇದು ನನಗೆ ಬಂದದ್ದು, ಎಲ್ಲರಿಗೂ ಕಳುಹಿಸಿ. ‘ಮಗು ರಾತ್ರಿ ಅತ್ತರೆ ಗಸಗಸೆ ಅರೆದ ಹಾಲು ಎರಡು ಚಮಚ, ಬಾಣಂತಿಗೆ ಗಸಗಸೆ ಕಾಯಿಯ ಸಿಪ್ಪೆಯ ಕಷಾಯ.’

ಡಾಕ್ಟರ್: ಅಮ್ಮಾ, ದಯವಿಟ್ಟು ಅಳಿಸಿ. ಅಫೀಮು ಒಸರುವುದೇ ಆ ಕಾಯಿಯಿಂದ. ಆ ಕಷಾಯ ಕುಡಿದ ತಾಯಿಯ ಹಾಲು ಮಗುವಿನ ಉಸಿರನ್ನು ನಿಲ್ಲಿಸಬಹುದು. ಎಳೆ ಮಗುವಿಗೆ ಎದೆಹಾಲೇ ಸಾಕು, ಅದಕ್ಕೆ ನಿದ್ದೆಯ ಮದ್ದು ಬೇಕಿಲ್ಲ.

ಮೈಸೂರಿನ ಅಜ್ಜಿ: ನಾವೆಲ್ಲ ಗಸಗಸೆ ಪಾಯಸ ಕುಡಿದೇ ಬೆಳೆದವರು. ನನ್ನ ಮಗ ಇಂಜಿನಿಯರ್.

ದುಬೈನ ಸದಸ್ಯೆ: ಇಲ್ಲಿ ಗಸಗಸೆ ತರುವುದೇ ಅಪರಾಧ. ಊರಿಂದ ಬರುವವರ ಚೀಲ ನೋಡಿಕೊಳ್ಳಿ.

ಮೈಸೂರಿನ ಅಜ್ಜಿ: ಅಲ್ಲಿಯವರಿಗೆ ಪಾಯಸದ ರುಚಿ ಏನು ಗೊತ್ತು?

ಶಿರಸಿಯ ಸದಸ್ಯ: ಅಕ್ಕಂದಿರೇ, ಪಾಯಸದ ಚರ್ಚೆ ಬೇರೆ ಕಡೆ ಇಟ್ಟುಕೊಳ್ಳಿ.

ದುಬೈನ ಸದಸ್ಯೆ: ಗಂಡಸರಿಗೆ ಈ ಗುಂಪಿನಲ್ಲಿ ಏನು ಕೆಲಸ?

ಶಿರಸಿಯ ಸದಸ್ಯ: ಹೆಂಡತಿಗೆ ಎಂಟು ತಿಂಗಳು, ಅದಕ್ಕೇ ಇದ್ದೇನೆ. ಮೇಡಂ, ಹೆರಿಗೆನೋವಿಗೆ ಬೆನ್ನಿಗೆ ಕೊಡುವ ಎಪಿಡ್ಯೂರಲ್‌ನಲ್ಲೂ ಇದೇ ಔಷಧ ಇರುತ್ತದೆಯೇ?

ದಾವಣಗೆರೆಯ ಸದಸ್ಯೆ: ಮಾತ್ರೆಗೆ ದಾಸರಾದವರಿಗೆ ಮಗು ಯಾಕೆ ಬೇಕು? ಮೊದಲು ಪೊಲೀಸರಿಗೆ ತಿಳಿಸಬೇಕು.

ಡಾಕ್ಟರ್: ನಿಮ್ಮಂಥವರ ಮಾತಿಗೆ ಹೆದರಿಯೇ ಅಕ್ಕಿ ಡಬ್ಬದಲ್ಲಿ ಮಾತ್ರೆ ಬಚ್ಚಿಡುತ್ತಾರೆ. 2018ರಲ್ಲಿ ಟ್ರಾಮಡಾಲ್ ಮಾದಕ ವಸ್ತು ಕಾಯ್ದೆಯಡಿ ಬಂದಿದೆ. ಚೀಟಿಯಿಲ್ಲದೆ ಎರಡು ವರ್ಷ ಮಾರಿದವನನ್ನು ಬಿಟ್ಟು ನೋವಿದ್ದವಳನ್ನು ಕೇಳುತ್ತಿದ್ದೀರಿ. ಇಂಥ ಮಾತು ಇನ್ನೊಂದು ಬಂದರೆ ನಾನು ಈ ಗುಂಪು ಬಿಡುತ್ತೇನೆ.

ದಾವಣಗೆರೆಯ ಸದಸ್ಯೆ: ಸಲಹೆ ಹೇಳಿದರೂ ತಪ್ಪೇ?

ನಿರ್ವಾಹಕಿ: ಸಾಕು ಇಬ್ಬರೂ.

ಹಾವೇರಿಯ ಸದಸ್ಯೆ: ಮೇಡಂ, ಸಿಸೇರಿಯನ್ ಆಗಿದೆ, ಟ್ರಾಮಡಾಲ್ ಬರೆದಿದ್ದಾರೆ. ಹಾಲು ಕುಡಿಸಬಹುದೇ?

ಡಾಕ್ಟರ್: ಮೊದಲ ಉತ್ತರ ಓದಿ. ಹೆಸರು ಹೇಳದವರು ಎಲ್ಲಿದ್ದೀರಿ? ಅರ್ಧ ಗಂಟೆಯಾಯಿತು.

ಶಿರಸಿಯ ಸದಸ್ಯ: ಮೇಡಂ, ಎಪಿಡ್ಯೂರಲ್?

ಹೆಸರು ಹೇಳದ ಸದಸ್ಯೆ: ಆಂಬ್ಯುಲೆನ್ಸ್‌ನಲ್ಲಿದ್ದೇನೆ. ಡಬ್ಬದಿಂದ ಪಟ್ಟಿಗಳನ್ನು ತೆಗೆಯುವಾಗ ಅತ್ತೆ ನೋಡಿ ಏನಿದು ಎಂದರು. ಹೇಳಿದೆ. ಬೈಯಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಟರು.