ಅಪ್‌ಡೇಟ್: ಶೆಫರ್ಡ್ ಕೊನೆಗೂ ಕ್ರೇಟ್‌ನಲ್ಲಿ ಮಲಗಿತು
ನಮ್ಮ 34 ಕಿಲೋ ಜರ್ಮನ್ ಶೆಫರ್ಡ್ ನಾಯಿ ಕ್ರೇಟ್ (ನಾಯಿ ಮಲಗುವ ಕಂಬಿಗಳ ಗೂಡು) ಒಳಗೆ ಕಾಲೇ ಇಡುತ್ತಿಲ್ಲ ಅಂತ ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ, ಈಗ ರಾತ್ರಿಯಿಡೀ ಅಲ್ಲೇ ಗೊರಕೆ!

ನಾಯಿಯ ಅಳತೆ ತೆಗೆಯಿರಿ ಅಂದವರಿಗೆ ಥ್ಯಾಂಕ್ಸ್. ಮೂಗಿನಿಂದ ಬಾಲದ ಬುಡದವರೆಗೆ ಅಳೆದು 10 ಸೆಂ.ಮೀ. ಸೇರಿಸಿದರೆ, 36 ಇಂಚಿನ ಕ್ರೇಟ್ ಸಾಲುತ್ತಲೇ ಇರಲಿಲ್ಲ. 42 ಇಂಚಿನದು ತಂದೆ. ಆದರೂ ಒಳಗೆ ಹೋಗಲಿಲ್ಲ. ಕ್ರೇಟ್ ಮೇಲೆ ಬಟ್ಟೆ ಹೊದಿಸುವ ಉಪಾಯವೂ ನಡೆಯಲಿಲ್ಲ, ಎಳೆದು ಹರಿದು ಹಾಕಿತು.

ಅಸಲಿಗೆ ಅದಕ್ಕೆ ಭಯ ಇದ್ದದ್ದು ತಳದ ಟ್ರೇ ಸದ್ದಿಗೆ! ಪಂಜ ಇಟ್ಟ ಕೂಡಲೇ 'ಡಬ್' ಅನ್ನುತ್ತಿತ್ತು. ಟ್ರೇ ಕೆಳಗೆ ಹಳೇ ಯೋಗ ಮ್ಯಾಟ್ ಹಾಸಿದೆ. ಬಾಗಿಲು ತೆಗೆದೇ ಇಟ್ಟು, ಊಟದ ಬಟ್ಟಲನ್ನು ದಿನಾ ಸ್ವಲ್ಪ ಒಳಕ್ಕೆ ಸರಿಸಿದೆ. ಐದನೇ ದಿನ ಬಾಲವೂ ಒಳಗೆ.

ಹಾಂ, ಒಳಗೆ ಬಿಡುವಾಗ ಕಾಲರ್ ಬಿಚ್ಚಿ. ಕಂಬಿಗೆ ಸಿಕ್ಕಿಕೊಂಡರೆ ಕಷ್ಟ.